ಎರಡು ಸ್ಕ್ರೂಗಳ ವ್ಯಾಪಾರ

1978ರಲ್ಲಿ ಕೆಲಸ ಕಳೆದುಕೊಂಡ ಬರ್ನಿ ಮಾರ್ಕಸ್ ಮತ್ತು ಆರ್ಥರ್ ಬ್ಲಾಂಕ್, ಮರುವರ್ಷ ಅಮೆರಿಕದ ಅಟ್ಲಾಂಟಾದಲ್ಲಿ ಹೋಮ್ ಡಿಪೋ ಮಳಿಗೆಗಳನ್ನು ತೆರೆದರು. ಗೋದಾಮಿನಂಥ ವಿಸ್ತಾರ, ಅಗ್ಗದ ಬೆಲೆ, ಮನೆಯ ದುರಸ್ತಿಯನ್ನು ಗಿರಾಕಿಯೇ ಮಾಡಿಕೊಳ್ಳಲು ಬೇಕಾದ ಸಕಲ ಸಾಮಗ್ರಿ. ಇವುಗಳೆದುರು ಅಲ್ಲಿನ ಅನೇಕ ಸಣ್ಣ ಹಾರ್ಡ್‌ವೇರ್ ಅಂಗಡಿಗಳು ಬಾಗಿಲು ಮುಚ್ಚಿದವು.

ಆದರೆ 2006ರಲ್ಲಿ ಚೀನಾಕ್ಕೆ ಹೋದ ಅದೇ ಸಂಸ್ಥೆ, ಉಳಿದಿದ್ದ ಏಳು ದೊಡ್ಡ ಮಳಿಗೆಗಳನ್ನು 2012ರಲ್ಲಿ ಮುಚ್ಚಿತು. ಕೂಲಿ ಅಗ್ಗವಾಗಿದ್ದ ಅಲ್ಲಿ ಜನ ತಾವೇ ಸುತ್ತಿಗೆ ಹಿಡಿಯದೆ ಕೆಲಸಗಾರರನ್ನು ಕರೆಯುತ್ತಿದ್ದರು.

ನಮ್ಮಲ್ಲಿಯೂ ಬಡಗಿ ಬರೆದುಕೊಟ್ಟ ಚೀಟಿ ಹಿಡಿದೇ ಅಂಗಡಿಗೆ ಹೋಗುವುದು ರೂಢಿ. ಒಮ್ಮೆ ನಾನು ಸಡಿಲಗೊಂಡ ಬಿಜಾಗರಿಯನ್ನು ಕಳಚಿ ಒಯ್ದಾಗ ಅಂಗಡಿಯ ಯಜಮಾನರು, “ಹೊಸದು ಬೇಡ ಮೇಷ್ಟ್ರೇ, ಎರಡು ಸ್ಕ್ರೂ ಸಾಕು” ಎಂದರು. ಬೆಲೆಪಟ್ಟಿಯಲ್ಲಿ ಕಾಣದ ಈ ತಿಳಿವಳಿಕೆ, ಅಂಗಡಿ ಮುಚ್ಚಿದರೆ ಅದರೊಂದಿಗೇ ಹೋಗುತ್ತದೆ.