ಒಪ್ಪೊತ್ತಿನ ದಿನದ ಮಾತ್ರೆ: ಪಾವಗಡ ಸೀಮೆ ಮತ್ತು ರಕ್ತದ ಸಕ್ಕರೆ ಕುಸಿತ

ಪಾವಗಡದ ಶನಿಮಹಾತ್ಮನಿಗೆ ನಡೆದುಕೊಳ್ಳುವವರು ಮಧುಗಿರಿ, ಶಿರಾ, ಕೊರಟಗೆರೆ ಕಡೆಯೂ ಇದ್ದಾರೆ. ಶನಿವಾರ ಬಂತೆಂದರೆ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಒಪ್ಪೊತ್ತು. ಅವರಲ್ಲಿ ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ ಮಾತ್ರ ಏಳು ದಿನಕ್ಕೂ ಒಂದೇ ಬರಹ: 1-0-1, ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ತಪ್ಪುತ್ತದೆ, ಮಾತ್ರೆ ತಪ್ಪುವುದಿಲ್ಲ.

ತೊಂದರೆ ಎಲ್ಲ ಮಾತ್ರೆಗಳದ್ದೂ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ಗಳ ಸಂಗತಿ ಬೇರೆ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ವೈದ್ಯ ಮಾರ್ಸೆಲ್ ಜಾನ್‌ಬೋನ್ ವಿಷಮಶೀತಜ್ವರದವರಿಗೆ ಒಂದು ಸಲ್ಫಾ ಔಷಧ ಕೊಟ್ಟಾಗ ಅವರ ರಕ್ತದ ಸಕ್ಕರೆ ಕುಸಿಯಿತು. ಅದರ ಕಾರಣವನ್ನು ಸಂಶೋಧಕ ಲೂಬಾಟಿಯೇರ್ ಹುಡುಕಿದರು. ಈ ಮಾತ್ರೆಗಳ ವಂಶ ಅಲ್ಲಿಂದ ಬೆಳೆಯಿತು. ಅಂದರೆ ಸಕ್ಕರೆ ಕುಸಿತ ಇವುಗಳ ಹುಟ್ಟುಗುಣ. ಹೊಟ್ಟೆಗೆ ಮುದ್ದೆ ಬಿದ್ದಿರಲಿ ಬಿಡಲಿ, ಇವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂ.ಗಿಂತ ಇಳಿದರೆ ಎಚ್ಚರಿಕೆ. 54ಕ್ಕಿಂತ ಇಳಿದರೆ ಮಿದುಳಿಗೇ ಬರಗಾಲ. ಮೊದಲು ಬೆವರು, ಕೈನಡುಕ, ಎದೆಬಡಿತ. ಬಿಸಿಲಲ್ಲಿ ಕಡಲೆಕಾಯಿ ಕೀಳುವ ಹೆಂಗಸಿಗೆ ಬೆವರು ಹೊಸದೇ? ‘ಸುಸ್ತು’ ಎಂದು ಸೆರಗಲ್ಲಿ ಮುಖ ಒರೆಸಿ ಮತ್ತೆ ಬಗ್ಗುತ್ತಾಳೆ. ಆಮೇಲೆ ಮಾತು ತೊದಲುತ್ತದೆ, ಎದುರಿಗಿರುವವರ ಗುರುತು ಹತ್ತುವುದಿಲ್ಲ. ಗಂಡಸಾದರೆ ‘ಕುಡಿದಿದ್ದಾನೆ’ ಎಂದು ಕಟ್ಟೆಯ ಮೇಲೆ ಮಲಗಿಸಿ ಹೋಗಿಬಿಡುವುದುಂಟು. ನನ್ನನ್ನು ಬಹಳ ನೋಯಿಸುವುದು ಇದೇ. ನಿಜಕ್ಕೂ ಕುಡಿದಿದ್ದರೆ ಅಪಾಯ ಇಮ್ಮಡಿ: ಬರಿಹೊಟ್ಟೆಯ ಹೆಂಡ ಪಿತ್ತಜನಕಾಂಗ ಹೊಸ ಸಕ್ಕರೆ ತಯಾರಿಸದಂತೆ ತಡೆಯುತ್ತದೆ.

ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ, ಇಲ್ಲವೇ ಅಷ್ಟೇ ಬೆಲ್ಲ, ನೀರಲ್ಲಿ ಕದಡಿ ಕೊಡಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಮ್ಮೆ. ಕೈಗೆ ಸಿಗುವ ಕಡಲೆಕಾಯಿ ಚಿಕ್ಕಿ ಆ ಗಳಿಗೆಗೆ ಆಗದು. ಅದರ ಎಣ್ಣೆಯಂಶ ಸಕ್ಕರೆ ರಕ್ತ ಸೇರುವುದನ್ನು ನಿಧಾನ ಮಾಡುತ್ತದೆ. ಮುದ್ದೆಯೂ ಚೇತರಿಸಿಕೊಂಡ ಮೇಲೆಯೇ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು: ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ವಯಸ್ಸಾದವರು, ಮೂತ್ರಪಿಂಡ ಸೋತವರು ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುತ್ತಿದ್ದರೆ ಬೆಲ್ಲದಿಂದ ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಗ್ಲಿಬೆನ್‌ಕ್ಲಮೈಡ್‌ನ ಪ್ರಭಾವ ದಿನ ಕಳೆದರೂ ಉಳಿದು, ರಾತ್ರಿ ಸಕ್ಕರೆ ಮತ್ತೆ ಕುಸಿಯಬಹುದು.

ವ್ರತ ಬಿಡಿ ಎಂದು ಇಂಥ ಒಬ್ಬ ಅಜ್ಜಿಗೆ ಗದರುವುದರಿಂದ ಏನೂ ಆಗದು. ಒಪ್ಪೊತ್ತಿನ ವಿಷಯವನ್ನು ಆಕೆ ಮುಂದಿನ ಸಲ ಬಾಯಿಬಿಡುವುದಿಲ್ಲ, ಅಷ್ಟೆ. ಚೀಟಿ ಬರೆಯುವಾಗಲೇ ವೈದ್ಯರು ‘ಶನಿವಾರ ಊಟ ಎಷ್ಟು ಹೊತ್ತಿಗಮ್ಮ?’ ಎಂದು ಕೇಳಿ, 1-0-1ರ ಕೆಳಗೆ ಆ ದಿನಕ್ಕೆ ಬೇರೆ ಸಾಲು ಬರೆದುಕೊಡಬಹುದು.