ಡೇಲ್ ಚಿಹೂಲಿ

ಡೇಲ್ ಚಿಹೂಲಿ (ಜನನ: ಸೆಪ್ಟೆಂಬರ್ 20, 1941) ಅಮೆರಿಕ ಸಂಯುಕ್ತ ಸಂಸ್ಥಾನದ ಗಾಜುಶಿಲ್ಪಿ. ಹೂ, ಬಳ್ಳಿ, ಕಡಲಚಿಪ್ಪುಗಳನ್ನು ನೆನಪಿಸುವ ಬಣ್ಣದ ಗಾಜಿನ ಕೃತಿಗಳಿಗೆ ಅವರು ಹೆಸರಾಗಿದ್ದಾರೆ. ಬಟ್ಟಲು, ಹೂದಾನಿಗಳಂತಹ ವಸ್ತುಗಳಿಗೆ ಬಹುಮಟ್ಟಿಗೆ ಸೀಮಿತವಾಗಿದ್ದ ಊದುಗಾಜಿನ ಕಲೆಯನ್ನು ಭವನಗಳನ್ನೂ ಸಸ್ಯೋದ್ಯಾನಗಳನ್ನೂ ತುಂಬುವ ಶಿಲ್ಪಕಲೆಯಾಗಿ ಬೆಳೆಸಿದವರಲ್ಲಿ ಅವರು ಪ್ರಮುಖರು.

ಜೀವನ ಮತ್ತು ಶಿಕ್ಷಣ

ಚಿಹೂಲಿ ಜನಿಸಿದ್ದು ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ. ಅಣ್ಣನನ್ನೂ ತಂದೆಯನ್ನೂ ಹದಿಹರೆಯದಲ್ಲೇ ಕಳೆದುಕೊಂಡ ಅವರನ್ನು ತಾಯಿ ವಯೋಲಾ ಬೆಳೆಸಿದರು. ತಾಯಿಯ ಹೂದೋಟದ ನೆನಪು ತಮ್ಮ ಕೃತಿಗಳಿಗೆ ಒಂದು ಪ್ರೇರಣೆಯೆಂದು ಅವರು ಹೇಳಿದ್ದಾರೆ. 1965ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಒಳಾಂಗಣ ವಿನ್ಯಾಸದಲ್ಲಿ ಪದವಿ ಪಡೆದು, ಬಳಿಕ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಾರ್ವಿ ಲಿಟಲ್‌ಟನ್ ಅವರಲ್ಲಿ ಗಾಜಿನ ಕಲೆಯನ್ನು ಕಲಿತರು. ಕಾರ್ಖಾನೆಯ ಉದ್ಯಮವಾಗಿದ್ದ ಗಾಜಿನ ತಯಾರಿಕೆಯನ್ನು ಕಲಾವಿದನ ಕಾರ್ಯಾಗಾರಕ್ಕೆ ತಂದ ‘ಸ್ಟುಡಿಯೋ ಗಾಜು’ ಚಳವಳಿಯ ಪ್ರವರ್ತಕರು ಲಿಟಲ್‌ಟನ್. 1968ರಲ್ಲಿ ಫುಲ್‌ಬ್ರೈಟ್ ವೇತನ ಪಡೆದ ಚಿಹೂಲಿ ಇಟಲಿಯ ಮುರಾನೊ ದ್ವೀಪದ ವೆನೀನಿ ಗಾಜಿನ ಕಾರ್ಖಾನೆಗೆ ತೆರಳಿ, ಅಲ್ಲಿ ಗಾಜು ಊದುವವರು ತಂಡವಾಗಿ ದುಡಿಯುವ ಪದ್ಧತಿಯನ್ನು ಕಂಡರು. 1971ರಲ್ಲಿ ಸಿಯಾಟಲ್ ನಗರದ ಉತ್ತರಕ್ಕೆ ಪಿಲ್ಚಕ್ ಗಾಜು ಶಾಲೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು.

1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರ ಎಡಗಣ್ಣು ಕುರುಡಾಯಿತು. 1979ರಲ್ಲಿ ಭುಜಕ್ಕೆ ಪೆಟ್ಟಾದ ಮೇಲೆ ಊದುಕೊಳವೆಯನ್ನು ಹಿಡಿಯುವ ಕೆಲಸವನ್ನು ಇತರರಿಗೆ ಒಪ್ಪಿಸಿದರು. ಅಂದಿನಿಂದ ರೇಖಾಚಿತ್ರಗಳ ಮೂಲಕ ತಮ್ಮ ಕಲ್ಪನೆಯನ್ನು ತಂಡಕ್ಕೆ ತಿಳಿಸಿ, ನಿರ್ದೇಶಕನ ಸ್ಥಾನದಲ್ಲಿ ನಿಂತು ಕೃತಿಗಳನ್ನು ಮಾಡಿಸುತ್ತಾ ಬಂದಿದ್ದಾರೆ.

ತಯಾರಿಕೆಯ ವಿಧಾನ

ಕುಲುಮೆಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಗಾಜು ಜೇನಿನಂತೆ ಮಂದವಾಗಿ ಹರಿಯುತ್ತದೆ. ಅದನ್ನು ಕೊಳವೆಯ ತುದಿಗೆ ಸುತ್ತಿಕೊಂಡು, ಜೋಲದಂತೆ ತಿರುಗಿಸುತ್ತಲೇ ಊದಬೇಕು. ಚಿಹೂಲಿಯವರ ವಿಧಾನದಲ್ಲಿ ಉಪಕರಣಗಳ ಬಳಕೆ ಕಡಿಮೆ. ಬೆಂಕಿ, ಗುರುತ್ವ ಮತ್ತು ಕೇಂದ್ರಾಪಗಾಮಿ ಬಲಗಳೇ ಆಕಾರವನ್ನು ನಿರ್ಧರಿಸುತ್ತವೆ. ರಭಸದ ಸುತ್ತಾಟಕ್ಕೆ ಪಾತ್ರೆಯ ಬಾಯಿ ಅರಳುತ್ತದೆ, ಬಿಸಿಗೆ ಅಂಚು ಬಾಗಿ ಅಲೆಯಾಗುತ್ತದೆ. ಹೀಗಾಗಿ ಅವರ ಕೃತಿಗಳು ಯಾವುದೇ ನಿರ್ದಿಷ್ಟ ಹೂವಿನ ನಕಲುಗಳಲ್ಲ. ಗಾಜಿನ ಸ್ವಭಾವದಿಂದಲೇ ಮೂಡಿದ ಜೀವರೂಪಗಳು. ಸಿದ್ಧವಾದ ಕೃತಿಯನ್ನು ಬಿರುಕು ಬಿಡದಂತೆ ವಿಶೇಷ ಒಲೆಯಲ್ಲಿಟ್ಟು ನಿಧಾನವಾಗಿ ತಣಿಸಲಾಗುತ್ತದೆ.

ಪ್ರಮುಖ ಸರಣಿಗಳು

1977ರ ‘ಬಾಸ್ಕೆಟ್ಸ್’ ಸರಣಿಗೆ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳು ಹೆಣೆದ ಬುಟ್ಟಿಗಳು ಪ್ರೇರಣೆ. ವಸ್ತುಸಂಗ್ರಹಾಲಯದಲ್ಲಿ ಆ ಬುಟ್ಟಿಗಳು ತಮ್ಮ ಭಾರಕ್ಕೇ ಕುಸಿದು ವಾಲಿದ್ದುದನ್ನು ಅವರು ಗಾಜಿನಲ್ಲಿ ತಂದರು. 1980ರ ‘ಸೀಫಾರ್ಮ್ಸ್’ ಸರಣಿಯಲ್ಲಿ ಅಚ್ಚಿನಿಂದ ಮೂಡಿಸಿದ ಏಣುಗಳು ತೆಳುಗಾಜಿಗೆ ಬಲ ನೀಡುತ್ತವೆ. ಚಿಪ್ಪಿನ ಮೇಲಿನ ಏಣುಗಳ ಕೆಲಸವೂ ಇದೇ. 1981ರ ‘ಮಾಕಿಯಾ’ ಸರಣಿಯಲ್ಲಿ ಒಳಗಿನ ಮತ್ತು ಹೊರಗಿನ ಬಣ್ಣಗಳ ನಡುವೆ ಬಿಳಿ ಪದರವಿಟ್ಟು, ಅವು ಒಂದರೊಳಗೊಂದು ಬೆರೆಯದಂತೆ ಮಾಡಲಾಯಿತು. 1990ರ ದಶಕದ ಬೃಹತ್ ತೂಗುಗೊಂಚಲುಗಳಿಗೆ ತೂಗುದೀಪಗಳೆಂಬ ಹೆಸರಿದ್ದರೂ ಅವುಗಳಲ್ಲಿ ಸಾಮಾನ್ಯವಾಗಿ ದೀಪಗಳಿರುವುದಿಲ್ಲ. ಹೊರಗಿನಿಂದ ಬಿದ್ದ ಬೆಳಕಿನಿಂದಲೇ ಅವು ಹೊಳೆಯುತ್ತವೆ.

ಪ್ರದರ್ಶನಗಳು

1996ರಲ್ಲಿ ವೆನಿಸ್ ನಗರದ ಕಾಲುವೆ ಮತ್ತು ಚೌಕಗಳಲ್ಲಿ ಅವರ ತೂಗುಗೊಂಚಲುಗಳನ್ನು ಸ್ಥಾಪಿಸಲಾಯಿತು. 1998ರಲ್ಲಿ ಲಾಸ್ ವೇಗಸ್‌ನ ಬೆಲಾಜಿಯೊ ಹೋಟೆಲಿನ ಚಾವಣಿಗೆ ಸುಮಾರು 2,000 ಗಾಜಿನ ಹೂಗಳ ‘ಫಿಯೋರಿ ದಿ ಕೋಮೊ’ ರಚನೆಯಾಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ 2005 ಮತ್ತು 2019ರಲ್ಲಿ ಜೀವಂತ ಗಿಡಗಳ ನಡುವೆ ಅವರ ಕೃತಿಗಳು ಪ್ರದರ್ಶನಗೊಂಡವು. ಸಿಯಾಟಲ್‌ನಲ್ಲಿ ಅವರ ಕೃತಿಗಳಿಗೇ ಮೀಸಲಾದ ‘ಚಿಹೂಲಿ ಗಾರ್ಡನ್ ಅಂಡ್ ಗ್ಲಾಸ್’ 2012ರಲ್ಲಿ ಆರಂಭವಾಯಿತು.

ವಿಮರ್ಶೆ

ಚಿಹೂಲಿಯವರ ಕೃತಿಗಳು ಅಲಂಕಾರಪ್ರಧಾನವೆಂದೂ ಅವುಗಳ ತಯಾರಿಕೆ ಕಾರ್ಖಾನೆಯ ಉತ್ಪಾದನೆಯನ್ನು ಹೋಲುತ್ತದೆಂದೂ ಕೆಲವು ವಿಮರ್ಶಕರು ಆಕ್ಷೇಪಿಸಿದ್ದಾರೆ. ಸ್ವತಃ ಊದದ ಗಾಜಿಗೆ ಕಲಾವಿದ ತನ್ನ ಹೆಸರಿಡಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಮುರಾನೊದ ಪರಂಪರೆಯಲ್ಲಿಯೂ ದೊಡ್ಡ ಕೃತಿಗಳು ತಂಡದಿಂದಲೇ ಸಿದ್ಧವಾಗುತ್ತಿದ್ದವೆಂಬುದು ಇದಕ್ಕೆ ಕೊಡುವ ಉತ್ತರ. ತಮ್ಮ ವಿನ್ಯಾಸಗಳನ್ನು ನಕಲು ಮಾಡಿದರೆಂದು ಚಿಹೂಲಿ ಇಬ್ಬರು ಗಾಜು ಕಲಾವಿದರ ಮೇಲೆ ಮೊಕದ್ದಮೆ ಹೂಡಿದಾಗ, ಪ್ರಕೃತಿಯಿಂದ ಪಡೆದ ಆಕಾರಗಳ ಮೇಲೆ ಒಬ್ಬರಿಗೇ ಹಕ್ಕುಸ್ವಾಮ್ಯ ಇರಬಹುದೇ ಎಂಬ ಚರ್ಚೆ ನಡೆಯಿತು. ಮೊಕದ್ದಮೆ 2006ರಲ್ಲಿ ರಾಜಿಯಲ್ಲಿ ಮುಗಿದುದರಿಂದ ನ್ಯಾಯಾಲಯ ಆ ಪ್ರಶ್ನೆಗೆ ತೀರ್ಪು ನೀಡುವ ಸಂದರ್ಭ ಬರಲಿಲ್ಲ.