ಬೀಗದ ಮನೆಯ ಒಡೆಯರನ್ನು ಹುಡುಕುತ್ತಾ

ಅಂಚೆ ಪೆಟ್ಟಿಗೆಯ ಬಾಯಿಗೆ ಟೇಪು ಅಂಟಿಸಿದೆ. ವಿದ್ಯುತ್ ಮೀಟರು ನಿಂತಿದೆ. ಹಿತ್ತಲ ಬಿದಿರು ಸೂರಿನ ಹೆಂಚಿನವರೆಗೂ ಬೆಳೆದಿದೆ. ಜಪಾನಿನಲ್ಲಿ ಇಂಥ ಖಾಲಿ ಮನೆಗೆ ‘ಅಕಿಯಾ’ ಎನ್ನುತ್ತಾರೆ. ಕೊಳ್ಳಲು ಬಂದವರು ಬೆಲೆ ಕೇಳುವ ಮುನ್ನ, ಯಾರನ್ನು ಕೇಳಬೇಕು ಎಂಬುದನ್ನೇ ಪತ್ತೆ ಹಚ್ಚಬೇಕು.

1963ರ ವಸತಿ ಸಮೀಕ್ಷೆಯಲ್ಲಿ ಅಲ್ಲಿದ್ದ ಖಾಲಿ ಮನೆಗಳು ಸುಮಾರು 5.2 ಲಕ್ಷ. 2023ರಲ್ಲಿ 90 ಲಕ್ಷ, ಅಂದರೆ ನೂರಕ್ಕೆ 13.8. ಮಕ್ಕಳು ಟೋಕಿಯೊ, ಒಸಾಕಾ ಸೇರಿದರು, ಹಿರಿಯರು ತೀರಿಕೊಂಡರು, ಮನೆ ಉಳಿಯಿತು. ಉಳಿಯುವುದಕ್ಕೆ ತೆರಿಗೆಯ ಲೆಕ್ಕವೂ ಕಾರಣ. ಮನೆಯಿರುವ ಸಣ್ಣ ನಿವೇಶನದ ತೆರಿಗೆಯನ್ನು ಅದರ ಮೌಲ್ಯದ ಆರನೇ ಒಂದು ಭಾಗದ ಮೇಲಷ್ಟೇ ಹಾಕುತ್ತಾರೆ. ಕೆಡವಿದರೆ ಆ ರಿಯಾಯಿತಿ ಹೋಯಿತು, ಕೆಡವುವ ಖರ್ಚು ಬೇರೆ.

ಒಡೆಯರ ಹುಡುಕಾಟ ಶುರುವಾಗುವುದು ನೋಂದಣಿ ಕಚೇರಿಯಲ್ಲಿ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ದಾಖಲೆ ನೋಡಬಹುದು. ಆದರೆ ಅಲ್ಲಿರುವ ಹೆಸರು ಎಷ್ಟೋ ಸಲ ಸತ್ತ ಅಜ್ಜನದು. ಪೌತಿ ಖಾತೆ ಮಾಡಿಸದೆ ಬಿಟ್ಟ ಜಮೀನನ್ನು ಕಂಡವರಿಗೆ ಈ ತೊಡಕನ್ನು ವಿವರಿಸಬೇಕಿಲ್ಲ. ದಾಖಲೆಯಲ್ಲಿರುವ ವಿಳಾಸಕ್ಕೆ ಬರೆದ ಕಾಗದ ಹೋದ ಹಾಗೆಯೇ ವಾಪಸು ಬರುತ್ತದೆ. ವಾರಸುದಾರರು ಯಾರೆಂದು ಹೇಳಬಲ್ಲ ಕುಟುಂಬ ದಾಖಲೆ, ‘ಕೊಸೆಕಿ’, ಹೊರಗಿನವರ ಕೈಗೆ ಸಿಗುವುದಿಲ್ಲ. ಹೀಗೆ ಒಡೆಯರು ಗೊತ್ತಾಗದ ನೆಲ 41 ಲಕ್ಷ ಹೆಕ್ಟೇರ್ ಇದೆಯೆಂದು 2017ರಲ್ಲಿ ತಜ್ಞರ ತಂಡವೊಂದು ಅಂದಾಜು ಮಾಡಿತು. ಕ್ಯೂಷು ದ್ವೀಪಕ್ಕಿಂತ ದೊಡ್ಡದು ಅದು!

ನಗರಸಭೆಗಳದ್ದೂ ಇದೇ ಪಾಡಾಗಿತ್ತು. ತೆರಿಗೆ ಕಟ್ಟುವವರು ಯಾರೆಂದು ಒಂದು ವಿಭಾಗಕ್ಕೆ ಗೊತ್ತಿದ್ದರೂ ಪಕ್ಕದ ಮೇಜಿಗೆ ಅದನ್ನು ತಿಳಿಸುವಂತಿರಲಿಲ್ಲ. 2015ರಲ್ಲಿ ಜಾರಿಗೆ ಬಂದ ಖಾಲಿ ಮನೆ ಕಾಯ್ದೆ ಆ ಬಾಗಿಲು ತೆರೆಯಿತು. ಅಪಾಯಕಾರಿ ಎಂದು ಗುರುತಿಸಿದ ಮನೆಯನ್ನು ಎಚ್ಚರಿಕೆಯ ಮೇಲೂ ಸರಿಪಡಿಸದಿದ್ದರೆ ತೆರಿಗೆ ರಿಯಾಯಿತಿಯನ್ನೂ ಕಿತ್ತುಕೊಂಡಿತು. 2024ರ ಏಪ್ರಿಲ್‌ನಿಂದ ವಾರಸಾಗಿ ಬಂದ ಆಸ್ತಿಯನ್ನು ಮೂರು ವರ್ಷದೊಳಗೆ ನೋಂದಾಯಿಸಲೇಬೇಕು, ತಪ್ಪಿದರೆ 1 ಲಕ್ಷ ಯೆನ್‌ವರೆಗೆ ದಂಡ.

ಕಾಯ್ದೆ ಬರುವ ಮೊದಲೇ ಈ ಕೆಲಸಕ್ಕೆ ಇಳಿದಿದ್ದ ಊರೊಂದಿದೆ: ಹಿರೋಶಿಮಾ ಪ್ರಾಂತದ ಓನೊಮಿಚಿ. ಸಮುದ್ರಕ್ಕೆ ಮುಖ ಮಾಡಿದ ಗುಡ್ಡ, ಅದರ ಮೈತುಂಬ ಹಳೆಯ ಮರದ ಮನೆಗಳು, ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಮೆಟ್ಟಿಲು ದಾರಿಗಳು. ಕಾರು ಹತ್ತದ ಈ ಇಳಿಜಾರನ್ನು ದಲ್ಲಾಳಿಗಳು ಕೈಬಿಟ್ಟಿದ್ದರು. ಇದೇ ಊರಿನ ಮಗಳು ಮಸಾಕೊ ತೊಯೊತಾ ವರ್ಷಗಟ್ಟಲೆ ಖಾಲಿ ಮನೆಗಾಗಿ ಅಲೆದು, 2007ರಲ್ಲಿ ಒಂದನ್ನು ಕೊಂಡರು. ವಿಚಿತ್ರ ಛಾವಣಿಯ ಆ ಮನೆಗೆ ಸ್ಪೇನಿನ ವಾಸ್ತುಶಿಲ್ಪಿ ಗೌದಿಯ ನೆನಪಿನಲ್ಲಿ ‘ಗೌದಿ ಮನೆ’ ಎಂಬ ಹೆಸರು ಬಿದ್ದಿದೆ. ಮರುವರ್ಷ, ಇಂಥ ಖಾಲಿ ಮನೆಗಳಿಗೆ ಮತ್ತೆ ಜೀವ ತುಂಬುವ ಅವರ ಸಂಸ್ಥೆ ಹುಟ್ಟಿತು. 2009ರಲ್ಲಿ ನಗರಸಭೆ, ಖಾಲಿ ಮನೆಗಳ ಪಟ್ಟಿಯಿಟ್ಟು ಬೇಕಾದವರಿಗೆ ತೋರಿಸುವ ತನ್ನ ‘ಅಕಿಯಾ ಬ್ಯಾಂಕ್’ ನಡೆಸುವ ಹೊಣೆಯನ್ನು ಅದಕ್ಕೇ ವಹಿಸಿತು. ಮನೆಯ ಕಷ್ಟಸುಖ ಬಲ್ಲ ನೆರೆಯವರೇ ಮಧ್ಯಸ್ಥರಾದದ್ದು ಆ ಊರಿನ ಪುಣ್ಯ.

ಒಡೆಯರು ಸಿಕ್ಕರೂ ಮಾತು ಮುಗಿಯುವುದಿಲ್ಲ. ಒಳಗೆ ಪೂರ್ವಜರ ಪೀಠ ‘ಬುತ್ಸುದಾನ್’ ಇದೆ, ಆಗಸ್ಟಿನ ಓಬೊನ್ ಹಬ್ಬಕ್ಕಾದರೂ ಬರುತ್ತೇವೆ ಎನ್ನುವವರುಂಟು. ಅಮ್ಮನ ಬಟ್ಟಲು, ಹಾಸಿಗೆ, ಪೆಟ್ಟಿಗೆಗಳನ್ನು ಏನು ಮಾಡಲಿ ಎಂದು ಕೈಚೆಲ್ಲುವವರೂ ಉಂಟು. ಓನೊಮಿಚಿಯಲ್ಲಿ ಸ್ವಯಂಸೇವಕರು ಆ ಬಟ್ಟಲುಗಳನ್ನು ತೊಳೆದು, ಬೇಕಾದವರಿಗೆ ಮಾರಿ, ಉಳಿದ ಸಾಮಾನನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತ ಕೆಳಗಿಳಿಸುತ್ತಾರೆ.